ಆಚೆ ಕಡೆಯವರ ಸ್ಕ್ಯಾನುಗಳು

ನಾಯ್ಮಾರ್ಮೂಲೆ
12 ಜೂನ್ 2024

ಪ್ರೀತಿಯ ಚಿಕ್ಕಮ್ಮನಿಗೆ ದೀಪ್ತಿ ಮಾಡುವ ನಮಸ್ಕಾರ.

ಪೆರ್ಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀವು ಕಳಿಸಿದ ಹಲಸಿನ ಹಪ್ಪಳ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಪುಡಿ ಮಾತ್ರ, ಮತ್ತೆಲ್ಲ ಆಫೀಸಿನವರ ಹೊಟ್ಟೆಗೆ. ನಿಮ್ಮ ಕಿವಿ ಹೋದ ಮೇಲೆ ಫೋನಿನಲ್ಲಿ ಬೊಬ್ಬೆ ಹಾಕಿ ಪ್ರಯೋಜನ ಇಲ್ಲ, ವಾಟ್ಸಾಪ್ ಕಲಿಯಿರಿ ಎಂದರೆ ನಿಮಗೆ ಸಿಟ್ಟು ಬರುತ್ತದೆ. ಈ ಕಾಲದಲ್ಲಿ ಕಾಗದ ಬರೆಯುವ ಇಂಜಿನಿಯರ್ ನಾನೊಬ್ಬಳೇ ಇರಬೇಕು.

ವಿಷಯ ಎಂತ ಅಂದರೆ, ನನಗೆ ದೊಡ್ಡ ಕೆಲಸವೊಂದು ಗಂಟು ಬಿದ್ದಿದೆ. ನಮ್ಮ ಕಂಪೆನಿಯಲ್ಲಿ ಎಂತ ಮಾಡುವುದೆಂದು ನಿಮಗೆ ಗೊತ್ತುಂಟು. ಕಾಸರಗೋಡಿನಿಂದ ಮಂಗಳೂರಿನವರೆಗೆ ಎಷ್ಟೋ ಆಸ್ಪತ್ರೆಗಳ ಸ್ಕ್ಯಾನು, ಎಕ್ಸ್‌ರೇ ಎಲ್ಲ ಇಲ್ಲಿಯ ಡೇಟಾ ಸೆಂಟರಿನಲ್ಲಿ ಇರುವುದು. ಡಾಕ್ಟ್ರಿಗೆ ಬೇಕಾದಾಗ ಅಲ್ಲಿಂದಲೇ ತೆರೆದು ನೋಡುತ್ತಾರೆ. ಈಗ ಈ ಸೆಂಟರಿಗೆ ವಯಸ್ಸಾಯಿತು. ಹೈವೇ ಅಗಲ ಮಾಡುವವರು ಆಗಾಗ ನಮ್ಮ ಕೇಬಲ್ ಕಡಿದು ಹಾಕುತ್ತಾರೆ. ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ. ಒಂದು ಎಸಿ ಸರಿಯಾದರೆ ಇನ್ನೊಂದು ಕೆಡುತ್ತದೆ. ಜನರೇಟರ್ ನೋಡುವ ಜಯಂತ್ ಅದನ್ನು ಬೈದು ಬೈದೇ ಚಾಲೂ ಮಾಡುವುದು.

ಇದನ್ನು ಇಲ್ಲೇ ರಿಪೇರಿ ಮಾಡಿಸುವುದಾ, ಬಂದ್ಯೋಡಿನಲ್ಲಿ ಜಾಗ ತೆಗೆದು ಹೊಸತು ಕಟ್ಟುವುದಾ, ಅಲ್ಲ ಎಲ್ಲವನ್ನೂ ಚೆನ್ನೈಯ ಬಾಡಿಗೆ ಜಾಗಕ್ಕೆ ಸಾಗಿಸಿ ಬಾಗಿಲು ಹಾಕುವುದಾ ಎಂದು ಯೋಜನೆ ಬರೆದು ಕೊಡಬೇಕಂತೆ. ಬರೆಯುವವಳು ನಾನೇ. ನಮ್ಮ ದೊಡ್ಡವರು ಶಿವಪ್ರಸಾದ್ ಸರ್, 'ದೀಪ್ತಿ, ನೀನು ಈ ಊರಿನವಳು, ನೀನೇ ಮಾಡು' ಎಂದರು. ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಕಿನ್ನಿ ಹೇಗಿದ್ದಾಳೆ? ಅಕ್ಕ ಕೇಳಿದಳು ಎಂದು ಹೇಳಿ.

ನಿಮ್ಮ
ದೀಪ್ತಿ

ಪೆರ್ಲ
21 ಜೂನ್ 2024

ಚಿ. ದೀಪ್ತಿಗೆ ಚಿಕ್ಕಮ್ಮ ಪ್ರೇಮಾವತಿಯ ಆಶೀರ್ವಾದ.

ಅಲ್ಲ ಮಾರಾಯ್ತಿ, ಹಪ್ಪಳ ನಿನಗೆ ಅಂತ ಕಳಿಸಿದರೆ ಊರಿಗೆಲ್ಲ ಹಂಚಿದೆಯಾ? ನಿನ್ನ ಅಮ್ಮನದ್ದೂ ಇದೇ ಬುದ್ಧಿ. ಅಕ್ಕ ಇದ್ದಿದ್ದರೆ ನಿನ್ನ ಕೆಲಸ ನೋಡಿ ಊರಿಡೀ ಡಂಗುರ ಹೊಡೆಯುತ್ತಿದ್ದಳು. ಅವಳ ಬದಲು ನಾನು ಬೀಡಿ ಡಿಪೋದಲ್ಲಿ ಹೇಳಿದ್ದೇನೆ. ಅವರು ಎಂತ ಹೇಳಿದರು ಅಂತ ನನಗೆ ಕೇಳಲಿಲ್ಲ, ತಲೆ ಆಡಿಸಿದ್ದು ಕಂಡಿತು.

ಕಿನ್ನಿಗೆ ಅಡ್ಡಿಯಿಲ್ಲ. ಹದಿನೆಂಟು ಆಯಿತು, ನನಗಿಂತ ಎತ್ತರ, ಬುದ್ಧಿ ಮಾತ್ರ ಇನ್ನೂ ಸಣ್ಣ ಮಗುವಿನದ್ದೇ. ಈಗ ಅವಳು ನನ್ನ ಹತ್ತಿರ ಕೈಯಲ್ಲೇ ಮಾತಾಡುವುದು. ಅಮ್ಮನಿಗೆ ಕೇಳುವುದಿಲ್ಲ ಅಂತ ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಲಿತಳು. ಅನ್ನಕ್ಕೆ ಒಂದು, ನೀರಿಗೆ ಒಂದು, ಬೆಕ್ಕಿಗೆ ಒಂದು. ನಾನೂ ಕೈಯಲ್ಲೇ ಉತ್ತರ ಕೊಡುತ್ತೇನೆ. ಕೆಲವು ಸಲ ಜಗಳವೂ ಹಾಗೇ ಆಗುತ್ತದೆ, ನೋಡಿದವರು ನಗುತ್ತಾರೆ.

ನೀನು ಆ ಯೋಜನೆಯೋ ಎಂತದೋ ಬರೆಯುವಾಗ ಒಂದು ನೆನಪಿಟ್ಟುಕೋ. ಅವಳ ತಲೆಯ ನೀರು ಇಳಿಯಲಿಕ್ಕೆ ನಳಿಗೆ ಇಟ್ಟ ಡಾಕ್ಟ್ರು ಹೇಳಿದ್ದಾರೆ: ಈ ನಳಿಗೆ ಯಾವಾಗಲಾದರೂ ಒಂದು ದಿನ ಕಟ್ಟುತ್ತದೆ, ಆಗ ಹುಷಾರಿದ್ದಾಗಿನ ಸ್ಕ್ಯಾನು ಬೇಕು, ಅದರ ಹತ್ತಿರ ಹೊಸತನ್ನು ಇಟ್ಟು ನೋಡಿದರೆ ಮಾತ್ರ ಗೊತ್ತಾಗುವುದು ಅಂತ. ಫಿಲ್ಮ್ ಇತ್ತು. ಮಳೆಗಾಲದಲ್ಲಿ ಬೂಸಲು ಹಿಡಿದು ಒಂದಕ್ಕೊಂದು ಅಂಟಿ ಹೋಯಿತು. ಆಗ ನೀನೇ ಹೇಳಿದ್ದು, 'ಬಿಸಾಡಿ ಚಿಕ್ಕಮ್ಮ, ಎಲ್ಲ ನಮ್ಮಲ್ಲಿ ಉಂಟು, ಬೂಸಲು ಹಿಡಿಯುವುದಿಲ್ಲ' ಅಂತ. ಜೋಪಾನ ಆಯಿತಾ.

ಇತಿ ನಿನ್ನ ಚಿಕ್ಕಮ್ಮ,
ಪ್ರೇಮಾವತಿ

ನಾಯ್ಮಾರ್ಮೂಲೆ
27 ಆಗಸ್ಟ್ 2024

ಪ್ರೀತಿಯ ಚಿಕ್ಕಮ್ಮನಿಗೆ,

ಅಷ್ಟಮಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಬೈಗುಳ ಎಲ್ಲ ಒಟ್ಟಿಗೆ ತೆಗೆದಿಡಿ, ಬಂದಾಗ ತಿನ್ನುತ್ತೇನೆ.

ಇಲ್ಲಿ ಮೀಟಿಂಗಿನ ಮೇಲೆ ಮೀಟಿಂಗು. ಬಂದ್ಯೋಡಿನ ಜಾಗ ಕೈಬಿಟ್ಟರು. ರಿಪೇರಿಯೂ ಬೇಡವಂತೆ. ಚೆನ್ನೈಯೇ ಗಟ್ಟಿ. ಆದರೆ ಅಲ್ಲಿ ಇಟ್ಟಷ್ಟಕ್ಕೂ ಬಾಡಿಗೆ ಕಟ್ಟಬೇಕಲ್ಲ, ಹಾಗಾಗಿ ಯಾವುದನ್ನು ಕೊಂಡುಹೋಗುವುದು, ಯಾವುದನ್ನು ಅಳಿಸುವುದು ಎಂಬುದೇ ಈಗ ನನ್ನ ತಲೆನೋವು. ಮೂರು ವರ್ಷದಿಂದ ಯಾರೂ ತೆರೆಯದ್ದು ಕಸ, ತೆಗೆದು ಹಾಕಿ ಎಂದರು ಶಿವಪ್ರಸಾದ್ ಸರ್. ಸರ್, ಮನುಷ್ಯ ಹುಷಾರಿದ್ದರೆ ತೆರೆಯುವುದು ಯಾಕೆ ಎಂದು ಕೇಳಿದೆ. ನಮ್ಮದು ಕಂಪೆನಿ, ಮ್ಯೂಸಿಯಂ ಅಲ್ಲ ಎಂದರು.

ನಾನು ಬಿಡಲಿಲ್ಲ ಚಿಕ್ಕಮ್ಮ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟ ಊರುಗಳ ಮಕ್ಕಳು, ಎಂಡೋಸಲ್ಫಾನ್ ಪಟ್ಟಿಯಲ್ಲಿ ಇರುವವರು, ಅವರದ್ದು ಎಷ್ಟು ಹಳತಾದರೂ ಜೀವ ಇರುವವರೆಗೆ ಇಡಲೇಬೇಕು ಎಂದು ಹಟ ಹಿಡಿದೆ. ನನ್ನ ಸ್ವರ ಏರಿತಂತೆ. ಕೊನೆಗೆ ಒಪ್ಪಿದರು. ಪಟ್ಟಿಯ ಹೆಸರು, ಕೇರಳದ ವಿಳಾಸ, ಎರಡೂ ಹೊಂದಿದರೆ ಏನನ್ನೂ ಅಳಿಸುವ ಹಾಗಿಲ್ಲ. ಇದು ನನ್ನ ಯೋಜನೆಯ ಎರಡನೇ ಪುಟದಲ್ಲಿ ಉಂಟು. ಬರೆಯುವಾಗ ಕಣ್ಣೆದುರು ಇದ್ದದ್ದು ಕಿನ್ನಿ.

ಅವಳ ಹೆಸರು ಹಾಕಿಯೂ ನೋಡಿದೆ. ಮೋಕ್ಷಿತಾ, ಪೆರ್ಲ, ತಲೆಯ ಸ್ಕ್ಯಾನು. ಸಿಕ್ಕಿತು! ಇನ್ನು ನಿಶ್ಚಿಂತೆ. ಆದರೂ ಆಸ್ಪತ್ರೆಯ ನಂಬರಿನ ಚೀಟಿ ಇದ್ದರೆ ಕಳಿಸಿ, ಒಮ್ಮೆ ತಾಳೆ ನೋಡುತ್ತೇನೆ.

ನಿಮ್ಮ
ದೀಪ್ತಿ

ಪೆರ್ಲ
9 ಸೆಪ್ಟೆಂಬರ್ 2024

ಚಿ. ದೀಪ್ತಿಗೆ ಆಶೀರ್ವಾದ.

ದೊಡ್ಡವರ ಎದುರು ಸ್ವರ ಏರಿಸಿದೆ ಅಂತ ಓದಿ ಎರಡು ಸಲ ನಕ್ಕೆ. ಕಿನ್ನಿಗೆ ಕೈಯಲ್ಲಿ ಹೇಳಿದೆ, ಅಕ್ಕ ನಿನಗೋಸ್ಕರ ಜಗಳ ಮಾಡಿದಳು ಅಂತ. ಅವಳು ಮುಷ್ಟಿ ಕಟ್ಟಿ ತೋರಿಸಿದಳು.

ಚೀಟಿ ಇಲ್ಲ. ಇಲಿ ಕಡಿಯಿತೋ ಏನೋ. ಹೆಸರು ಸಿಕ್ಕಿದೆಯಲ್ಲ, ಮತ್ತೆ ಚೀಟಿ ಎಂತಕ್ಕೆ?

ಎಷ್ಟು ಸ್ಕ್ಯಾನು ಉಂಟು ಅಂತ ನೋಡಿದೆಯಾ? ತೀರಾ ಶಿಶು ಇರುವಾಗ ಕಾಸರಗೋಡಿನಲ್ಲಿ ಒಂದು ತೆಗೆದದ್ದು. ನಳಿಗೆ ಇಟ್ಟ ಮೇಲಿನದ್ದು ಮಂಗಳೂರಿನದ್ದು. ಆ ಆಸ್ಪತ್ರೆ ಮುಚ್ಚಿಹೋಗಿ ಈಗ ಅಲ್ಲಿ ಬಟ್ಟೆ ಅಂಗಡಿ ಆಗಿದೆಯಂತೆ. ನಳಿಗೆಯದ್ದು ಕಾಣುತ್ತದಾ ಅಂತ ಒಮ್ಮೆ ನೋಡು.

ಮತ್ತೊಂದು. ಕರ್ನಾಟಕದ ಕಡೆಯವರದ್ದು ನೀವು ಎಂತ ಮಾಡುತ್ತೀರಿ? ಗಡಿಯಾಚೆ ಅಡ್ಯನಡ್ಕದ ನಮ್ಮ ಬೋಜಣ್ಣನ ಮಗಳು ಸುಪ್ರೀತಾ ಇದ್ದಾಳಲ್ಲ, ಅವಳ ಹೆಸರಿನದ್ದು ಏನಾದರೂ ಇದ್ದರೆ ಅದು ಎಂತ ಆಗುತ್ತದೆ? ಸುಮ್ಮನೆ ಕೇಳಿದೆ. ಉತ್ತರ ಬರೆಯುವಾಗ ಕವರಿಗೆ ಸರಿಯಾಗಿ ಅಂಟು ಹಾಕು, ಬಸ್ಸಿನಲ್ಲಿ ನೂರು ಕೈ ದಾಟುತ್ತದೆ.

ಇತಿ,
ಪ್ರೇಮಾವತಿ

ನಾಯ್ಮಾರ್ಮೂಲೆ
4 ನವೆಂಬರ್ 2024

ಪ್ರೀತಿಯ ಚಿಕ್ಕಮ್ಮನಿಗೆ,

ತಡವಾಯಿತು, ಕ್ಷಮಿಸಿ. ದೀಪಾವಳಿಗೂ ಬರಲಾಗಲಿಲ್ಲ. ಇಲ್ಲಿ ಮನೆ ಒಕ್ಕಲೆಬ್ಬಿಸುವ ಹಾಗೆ ನಡೆಯುತ್ತಾ ಉಂಟು. ಡಿಸೆಂಬರ್ ಕೊನೆಗೆ ಎಲ್ಲ ಮೆಷಿನ್ ಬಂದ್. ಸಾಮಾನು ಕಟ್ಟುವುದಕ್ಕಿಂತ ಕಷ್ಟ ಜನರದ್ದು. ಯಾರು ಬೇಕು, ಯಾರು ಬೇಡ ಎಂದೂ ನನ್ನ ಯೋಜನೆಯಲ್ಲೇ ಬರೆಯಬೇಕಿತ್ತು. ಜಯಂತನ ಹೆಸರನ್ನು ಬೇಡದವರಲ್ಲಿ ಬರೆದೆ. ಜನರೇಟರ್ ಇಲ್ಲದ ಮೇಲೆ ಅವನಿಗೆ ಕೆಲಸ ಎಲ್ಲಿ? ಮರುದಿನ ಅವನು ಎಂದಿನ ಹಾಗೆ 'ಎಂತ ಮೇಡಂ, ಚಾ ಆಯಿತಾ?' ಎಂದು ಕೇಳಿದ. ನನಗೆ ಅವನ ಮುಖ ನೋಡಲಿಕ್ಕೆ ಆಗಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಕರ್ನಾಟಕದ ಆಸ್ಪತ್ರೆಗಳ ಕರಾರು ಮುಗಿದಿದೆ. ನಿಮ್ಮದನ್ನು ನೀವು ಕೊಂಡುಹೋಗಿ ಎಂದು ನಡೆಯುತ್ತಿರುವ ಆಸ್ಪತ್ರೆಗಳಿಗೆ ಬರೆದೆವು, ಮುಚ್ಚಿದವಕ್ಕೆ ಯಾರ ಹೆಸರಿಗೆ ಬರೆಯುವುದು? ಆ ವಿಳಾಸದವರದ್ದೆಲ್ಲ ಅಳಿಸುವುದೇ. ಸುಪ್ರೀತಾಳಿಗೆ ಯಾಕೆ ಸ್ಕ್ಯಾನು? ಕುದುರೆಯ ಹಾಗೆ ಓಡುವ ಹುಡುಗಿ! ಅವಳದ್ದು ಹೋದರೆ ಆಗುವ ನಷ್ಟ ಎಂತದೂ ಇಲ್ಲ.

ಕಿನ್ನಿಯದ್ದು ಹೆಸರು ಉಂಟು ಎಂದ ಮೇಲೆ ಎಲ್ಲ ಇರುತ್ತದೆ ಚಿಕ್ಕಮ್ಮ. ಒಂದೊಂದೇ ತೆರೆದು ನೋಡಲಿಕ್ಕೆ ನನಗೆ ಈಗ ಉಸಿರಾಡುವಷ್ಟೂ ಪುರುಸೊತ್ತಿಲ್ಲ.

ನಿಮ್ಮ
ದೀಪ್ತಿ

ಪೆರ್ಲ
13 ಡಿಸೆಂಬರ್ 2024

ಚಿ. ದೀಪ್ತಿಗೆ,

ಮೊನ್ನೆ ನಾನು ನಾಯ್ಮಾರ್ಮೂಲೆಗೆ ಬಂದಿದ್ದೆ. ಕಿನ್ನಿಯನ್ನು ಆಚೆಮನೆಯವರ ಹತ್ತಿರ ಬಿಟ್ಟು ಬೆಳಗ್ಗಿನ ಬಸ್ಸಿಗೆ ಹೊರಟೆ. ನಿಮ್ಮ ಗೇಟಿನಲ್ಲಿ ಕುಂಞ ಅಂತ ಒಬ್ಬ ಇದ್ದಾನಲ್ಲ, ವಾಚ್‌ಮನ್, ಪಾಪದವ. ಅವನು ಎಂತದೋ ಹೇಳಿದ, ನನಗೆ ಕೇಳಲಿಲ್ಲ. ಕೊನೆಗೆ ಅಂಗೈಯಲ್ಲಿ ಬರೆದು ತೋರಿಸಿದ, ಮೀಟಿಂಗ್ ಅಂತ. ಮಧ್ಯಾಹ್ನದವರೆಗೆ ಅವನ ಕುರ್ಚಿಯಲ್ಲಿ ಕೂತೆ. ಕಿನ್ನಿಗೆ ಮದ್ದಿನ ಹೊತ್ತಾಗುತ್ತದೆ ಅಂತ ಮತ್ತೆ ಬಂದುಬಿಟ್ಟೆ.

ಒಂದು ಮಾತು ಹೇಳಲಿಕ್ಕೆ ಇತ್ತು. ಕಿನ್ನಿಯ ಸ್ಕ್ಯಾನಿನ ವಿಷಯವೇ. ಕಾಗದದಲ್ಲಿ ಬರೆಯುವಂಥದ್ದಲ್ಲ. ಅದರಲ್ಲಿ ಬೋಜಣ್ಣನ ಮನೆಯವರ ಮರ್ಯಾದೆಯೂ ಉಂಟು. ನೀವು ಅದನ್ನೆಲ್ಲ ಅಳಿಸುವ ಮೊದಲು ನೀನು ಒಮ್ಮೆ ಬಾ. ನಿಲ್ಲುವುದು ಬೇಡ, ಊಟವೂ ಬೇಡ, ಬಂದು ಹೋಗು.

ಪ್ರೇಮಾವತಿ

ನಾಯ್ಮಾರ್ಮೂಲೆ
18 ಡಿಸೆಂಬರ್ 2024

ಚಿಕ್ಕಮ್ಮ,

ನೀವು ಬಂದದ್ದು ನನಗೆ ಸಂಜೆ ಗೊತ್ತಾದದ್ದು. ಒಳಗೆ ಚೀಟಿ ಕಳಿಸುವುದಲ್ಲವಾ ಎಂದು ಕುಂಞನಿಗೆ ಬೈದೆ. ಮೀಟಿಂಗಿನಲ್ಲಿ ಇರುವಾಗ ಯಾರನ್ನೂ ಬಿಡಬೇಡ ಎಂದವಳು ನಾನೇ ಅಂತೆ.

ಕಿನ್ನಿಯದ್ದನ್ನು ಯಾರೂ ಮುಟ್ಟುವುದಿಲ್ಲ, ಸಾವಿರ ಸಲ ಹೇಳಿದ್ದೇನೆ. ಬೋಜ ಮಾವನ ವಿಷಯ ಎಂತದಿದ್ದರೂ ಹೊಸ ವರ್ಷ ಕಳೆದು ಕೂತು ಮಾತಾಡುವ. ಈ ತಿಂಗಳು ನನ್ನನ್ನು ಬಿಟ್ಟುಬಿಡಿ.

ದೀಪ್ತಿ

ನಾಯ್ಮಾರ್ಮೂಲೆ
2 ಜನವರಿ 2025

ಪ್ರೀತಿಯ ಚಿಕ್ಕಮ್ಮನಿಗೆ,

ಮುಗಿಯಿತು. ಮೊನ್ನೆ ಬೆಳಗ್ಗೆ ಒಂದೊಂದೇ ಮೆಷಿನ್ ಬಂದ್ ಮಾಡಿದೆವು. ಇಷ್ಟು ವರ್ಷ ಆ ಗುಂಯ್ ಸದ್ದಿನೊಳಗೆ ಇದ್ದವರಿಗೆ ಅದು ನಿಂತಾಗ ಕಿವಿ ನೋವಾದ ಹಾಗಾಯಿತು. ಅಳಿಸಿದ ಡಿಸ್ಕುಗಳು ಯಾರ ಕೈಗೂ ಸಿಗಬಾರದು ಎಂದು ಡ್ರಿಲ್ಲಿನಲ್ಲಿ ತೂತು ಮಾಡಿಸುವುದು ನಿಯಮ. ಅದನ್ನೂ ನಿಂತು ಮಾಡಿಸಿದೆ. ತೂತು ಕೊರೆದವನು ಜಯಂತ್, ಅವನ ಕೊನೆಯ ದಿನ ಅದು. ಹೋಗುವಾಗ ಕೈ ಕೊಟ್ಟ.

ಶಿವಪ್ರಸಾದ್ ಸರ್ ನನ್ನ ಯೋಜನೆಯನ್ನು ಎಲ್ಲರೆದುರು ಹೊಗಳಿದರು. ಒಂದು ದಿನ ತಡ ಆಗಲಿಲ್ಲ, ಒಂದು ತಪ್ಪಾಗಲಿಲ್ಲವಂತೆ.

ಸಂಕ್ರಾಂತಿಗೆ ಖಂಡಿತ ಬರುತ್ತೇನೆ. ನೀವು ಹೇಳಬೇಕೆಂದಿದ್ದ ಆ ಮಾತು ಎಂತದು?

ನಿಮ್ಮ
ದೀಪ್ತಿ

ಮಂಗಳೂರು, ಆಸ್ಪತ್ರೆಯಿಂದ
7 ಜನವರಿ 2025

ದೀಪ್ತಿ,

ಫೋನಿನಲ್ಲಿ ಹೇಳಿಸುವ ವಿಷಯ ಅಲ್ಲ ಅಂತ ಬೋಜಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವನ ಹತ್ತಿರವೇ ಉತ್ತರ ಕೊಡು.

ಶನಿವಾರದಿಂದ ಕಿನ್ನಿಗೆ ವಾಂತಿ, ಜ್ವರ. ತಲೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ. ಇಲ್ಲಿಗೆ ಕರೆದುಕೊಂಡು ಬಂದೆವು. ಸ್ಕ್ಯಾನು ತೆಗೆದರು. ತಲೆಯ ಒಳಗೆ ನೀರಿನ ಜಾಗ ದೊಡ್ಡದಾಗಿ ಕಾಣುತ್ತದಂತೆ. ಆದರೆ ಇವಳಿಗೆ ನಳಿಗೆ ಇಟ್ಟ ಮೇಲೂ ಅಷ್ಟೇ ಇತ್ತಾ, ಈಗ ಹೆಚ್ಚಾದದ್ದಾ ಅಂತ ಹಳತು ನೋಡದೆ ಹೇಳಲಿಕ್ಕೆ ಆಗುವುದಿಲ್ಲ ಅಂತ ಡಾಕ್ಟ್ರು ಬರೆದು ತೋರಿಸಿದರು. ಬರೀ ಜ್ವರದ ವಾಂತಿಯೂ ಇರಬಹುದಂತೆ. ಜ್ವರ ಇರುವಾಗ ಸುಮ್ಮನೆ ತಲೆ ತೆರೆದರೆ ನಂಜಾಗುತ್ತದಂತೆ. ನಿಮ್ಮವರಿಗೆ ಫೋನು ಮಾಡಿ ಹುಡುಕಿಸಿದರೆ ಶಿಶುವಿನದ್ದು ಒಂದೇ ಬರುತ್ತದೆ ಅಂದರು.

ಬೇರೆ ಬರಲಿಕ್ಕಿಲ್ಲ. ಮತ್ತಿನದ್ದೆಲ್ಲ ಸುಪ್ರೀತಾಳ ಹೆಸರಿನಲ್ಲಿ ಉಂಟು.

ಕಿನ್ನಿಗೆ ಐದು ವರ್ಷ ಆಗಿರುವಾಗ ನಮ್ಮ ಕೇರಳದ ಕಾರ್ಡಿಗೆ ಧರ್ಮಕ್ಕೆ ಆಪರೇಷನ್ ಆಗಬೇಕಾದರೆ ತಿರುವನಂತಪುರಕ್ಕೆ ಹೋಗಿ ಅಂದರು. ಮಗು ಕಣ್ಣು ಮೇಲೆ ಮಾಡಿಕೊಂಡಿತ್ತು. ರೈಲಿನಲ್ಲಿ ಈ ತುದಿಯಿಂದ ಆ ತುದಿಗೆ ಕೊಂಡುಹೋದರೆ ಹೆಣ ತರಬೇಕಿತ್ತು. ಮಂಗಳೂರು ಇಲ್ಲಿಂದ ಎಷ್ಟು ದೂರ? ಬೋಜಣ್ಣ ತನ್ನ ಕರ್ನಾಟಕದ ಕಾರ್ಡು ತಂದು ಕೊಟ್ಟ, ನಮ್ಮ ಸುಪ್ರೀತಾ ಅಂತ ಹೇಳು ಅಂದ. ಹೇಳಿದೆ. ಗುಣ ಆದ ಮೇಲೆ ನರ್ಸು ಸುಪ್ರೀತಾ ಅಂತ ಕರೆದಾಗ ಕಿನ್ನಿ ತಿರುಗಲಿಲ್ಲ, ಅವಳಿಗೆ ಕಿವಿ ಸ್ವಲ್ಪ ಮಂದ ಅಂತ ಸುಳ್ಳು ಹೇಳಿದೆ. ಈ ಗಡಿಯಲ್ಲಿ ಇರುವ ಯಾವ ತಾಯಿ ಆದರೂ ಅದನ್ನೇ ಮಾಡುತ್ತಿದ್ದಳು. ನನಗೆ ಈಗಲೂ ಅದು ತಪ್ಪು ಅಂತ ಅನ್ನಿಸುವುದಿಲ್ಲ.

ಆದರೆ ಸುಪ್ರೀತಾ ಈಗ ಪೊಲೀಸ್ ಸೆಲೆಕ್ಷನ್ನಿಗೆ ಓಡುತ್ತಿದ್ದಾಳೆ. ಅವಳ ಹೆಸರಿನಲ್ಲಿ ತಲೆಯ ಆಪರೇಷನ್ ಅಂತ ಎಲ್ಲಾದರೂ ಕಂಡರೆ ಅವಳ ಬಾಳು ಹೋಯಿತು ಅಂತ ಬೋಜಣ್ಣ ಕೈಮುಗಿದ. ಅದಕ್ಕೇ ಬರೆಯಲಿಲ್ಲ. ಬಾಯಲ್ಲಿ ಹೇಳುವ ಅಂತ ಬಂದೆ.

ನೀನು ಎಲ್ಲಾದರೂ ಒಂದು ಕಾಪಿ ತೆಗೆದು ಇಟ್ಟಿದ್ದೀಯಲ್ಲ? ನಿಮ್ಮಲ್ಲಿ ಹಾಗೆ ಇಡುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದಿ. ಬೇಗ ಕಳಿಸು.

ಚಿಕ್ಕಮ್ಮ

ನಾಯ್ಮಾರ್ಮೂಲೆ
7 ಜನವರಿ 2025

ಚಿಕ್ಕಮ್ಮ,

ಇಲ್ಲ. ಕಾಪಿ ಇತ್ತು, ಅದನ್ನೂ ಅಳಿಸಿದೆವು. ಒಂದು ಕಡೆ ಉಳಿದರೆ ಅಳಿಸಿದ ಹಾಗಲ್ಲ ಎಂದು ನಾನೇ ಬರೆದಿದ್ದೆ. ಡಿಸ್ಕುಗಳು ಇಲ್ಲೇ ಮೂಲೆಯಲ್ಲಿ ಗೋಣಿಯಲ್ಲಿ ಉಂಟು, ತೂತು ಬಿದ್ದು. ಅದರಿಂದ ಎಂತದೂ ತೆಗೆಯಲಿಕ್ಕೆ ಬರುವುದಿಲ್ಲ. ಚೆನ್ನೈಗೂ ಫೋನು ಮಾಡಿ ಕೇಳಿದೆ. ಇಲ್ಲ.

ಹಳತು ಸಿಗುವುದಿಲ್ಲ, ಕಾಯುವುದು ಬೇಡ, ನೋಡಬೇಕಾದ್ದನ್ನು ಈಗಲೇ ನೋಡಿ ಎಂದು ಡಾಕ್ಟ್ರಿಗೆ ಈ ಕಾಗದ ತೋರಿಸಿ. ಆಸ್ಪತ್ರೆಗೆ ಫೋನು ಮಾಡಿದೆ, ಡಾಕ್ಟ್ರು ಲೈನಿಗೆ ಸಿಗಲಿಲ್ಲ. ಬೋಜ ಮಾವ ಈಗಲೇ ಹೊರಡುತ್ತಾರೆ. ಕೀಲಿಕೈ ಒಪ್ಪಿಸಿ ನಾನೂ ಹಿಂದಿನಿಂದಲೇ ಬರುತ್ತೇನೆ.

ದೀಪ್ತಿ

ನಾಯ್ಮಾರ್ಮೂಲೆ
20 ಫೆಬ್ರವರಿ 2025

ಚಿಕ್ಕಮ್ಮನಿಗೆ,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರು ನಿಮಗೆ ಮುಟ್ಟಿದೆ ಎಂದು ಕಂಡಕ್ಟರ್ ಹೇಳಿದ.

ಆ ದಿನ ಆಸ್ಪತ್ರೆಯಲ್ಲಿ ನೀವು ನನಗೆ ಚಾ ತರಿಸಿ ಕೊಟ್ಟಿರಿ, ಬಸ್ಸಿನಲ್ಲಿ ಕೂತು ಬಂದ ನನ್ನ ಸೀರೆಯ ಮುದುಡು ಸರಿ ಮಾಡಿದಿರಿ. ಡಾಕ್ಟ್ರು ಜ್ವರ ಇಳಿಯುತ್ತದಾ ಎಂದು ಕಾದು ನೋಡಿದ್ದು, ನನ್ನ ಕಾಗದ ಮುಟ್ಟುವಾಗ ಅವಳಿಗೆ ಎಚ್ಚರ ತಪ್ಪಿದ್ದು, ಅವಸರದಲ್ಲಿ ನಳಿಗೆ ಬದಲಾಯಿಸಿದ್ದು, ಜೀವ ಉಳಿದದ್ದು, ಕಣ್ಣು ಹೋದದ್ದು, ಎಲ್ಲ ನಾನು ಬೋಜ ಮಾವನ ಬಾಯಿಂದ ಕೇಳಿದೆ. ಹಳೆಯ ಸ್ಕ್ಯಾನು ಬಂದ ದಿನವೇ ಸಿಕ್ಕಿದ್ದರೆ ಬಂದ ದಿನವೇ ಮಾಡುತ್ತಿದ್ದೆ ಎಂದು ಡಾಕ್ಟ್ರು ನನ್ನ ಹತ್ತಿರ ಹೇಳಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ನೀವು ನಳಿಗೆಯದ್ದು ಕಾಣುತ್ತದಾ ನೋಡು ಎಂದು ಬರೆದಿದ್ದಿರಿ. ಒಂದು ಸಲ ಒತ್ತಿದ್ದರೆ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ನನ್ನನ್ನು ಬೈಯಿರಿ ಚಿಕ್ಕಮ್ಮ. ಇನ್ನು ಈ ಕಡೆ ಬರಬೇಡ ಎಂದಾದರೂ ಬರೆಯಿರಿ. ಕಂಪೆನಿಯವರು ಚೆನ್ನೈಗೆ ಬಾ, ಅಲ್ಲಿಯದ್ದನ್ನು ನೋಡಿಕೋ ಎನ್ನುತ್ತಿದ್ದಾರೆ. ನಾನು ರಾಜೀನಾಮೆ ಬರೆದು ಇಟ್ಟಿದ್ದೇನೆ.

ದೀಪ್ತಿ

ಪೆರ್ಲ
16 ಮಾರ್ಚ್ 2025

ಚಿ. ದೀಪ್ತಿಗೆ ಚಿಕ್ಕಮ್ಮನ ಆಶೀರ್ವಾದ.

ಕಾಗದ ಎಲ್ಲ ಮುಟ್ಟಿದೆ. ಬರೆಯಲಿಕ್ಕೆ ಕೈ ಬಿಡುವಿಲ್ಲ, ಅಷ್ಟೇ. ಅವಳ ಕೈ ಹಿಡಿದುಕೊಂಡೇ ಇರಬೇಕಾಗುತ್ತದೆ.

ಬೈಯಿರಿ ಅಂತ ಬರೆದಿದ್ದಿ. ಬೈದರೆ ನಿನಗೆ ಹಗುರ ಆಗುತ್ತದೆ. ನನಗೆ ಹಗುರ ಆಗುವುದಿಲ್ಲ. ಹಾಗಾಗಿ ಬೈಯುವುದಿಲ್ಲ. ರಾಜೀನಾಮೆ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು, ಅದರಿಂದ ಇಲ್ಲಿ ಎಂತದೂ ಬದಲಾಗುವುದಿಲ್ಲ. ಸುಪ್ರೀತಾ ಪೊಲೀಸಿಗೆ ಆಯ್ಕೆ ಆದಳು. ಬೋಜಣ್ಣ ಸ್ವೀಟ್ ತಂದಿದ್ದ, ಜಗಲಿಯಲ್ಲಿ ಕೂತು ಅತ್ತ.

ಕಿನ್ನಿ ಕೈಯಲ್ಲಿ ಮಾತಾಡುತ್ತಾಳೆ ಅಂತ ಮೊದಲು ಬರೆದಿದ್ದೆನಲ್ಲ. ಈಗಲೂ ಮಾತಾಡುತ್ತಾಳೆ. ನನಗೆ ಕಾಣುತ್ತದೆ, ಎಲ್ಲ ಅರ್ಥ ಆಗುತ್ತದೆ. ನಾನು ಕೊಡುವ ಉತ್ತರ ಅವಳಿಗೆ ಕಾಣುವುದಿಲ್ಲ. ಬಾಯಲ್ಲಿ ಹೇಳಿದರೆ ನನ್ನ ಸ್ವರ ಈಗ ಹೇಗೆ ಬರುತ್ತದೋ, ಬೊಬ್ಬೆ ಆಗುತ್ತದೋ ಏನೋ, ಅವಳು ಹೆದರಿ ಕಿವಿ ಮುಚ್ಚುತ್ತಾಳೆ. ಕೈ ಮುಟ್ಟಿದರೆ ಕೊಡವುತ್ತಾಳೆ, ಮತ್ತೆ ತಾನೇ ಹುಡುಕಿ ಹಿಡಿಯುತ್ತಾಳೆ.

ಅವಳಿಗೆ ಕಣ್ಣು ಹೋದದ್ದು ಗೊತ್ತಿಲ್ಲ. ಹೇಳಿ ಅರ್ಥ ಮಾಡಿಸುವುದು ಹೇಗೆ ಅಂತ ನನಗೂ ಗೊತ್ತಿಲ್ಲ. ನಾನು ಲೈಟ್ ಹಾಕುತ್ತಾ ಇಲ್ಲ ಅಂತ ಅವಳ ಲೆಕ್ಕ. ಎದ್ದ ಕೂಡಲೇ ಕೈಯಲ್ಲಿ ಕೇಳುತ್ತಾಳೆ, ಲೈಟ್ ಹಾಕು ಅಂತ. ಹಾಕುತ್ತೇನೆ. ಮತ್ತೂ ಕೇಳುತ್ತಾಳೆ. ಬಿಸಿಲಿಗೆ ಕೂರಿಸಿದರೆ ಅಲ್ಲಿಯೂ ಕೇಳುತ್ತಾಳೆ. ನನ್ನ ಮೇಲೆ ಭಯಂಕರ ಸಿಟ್ಟು. ಮನೆಗೆ ಬಂದವರ ಹತ್ತಿರ ಎಲ್ಲ ಬಾಯಿಬಿಟ್ಟು ಅದೊಂದೇ ದೂರು ಹೇಳುತ್ತಾಳಂತೆ, 'ಅಮ್ಮ ಲೈಟ್ ಹಾಕುವುದಿಲ್ಲ, ಅಮ್ಮ ಲೈಟ್ ಹಾಕುವುದಿಲ್ಲ' ಅಂತ. ಬೋಜಣ್ಣ ಬರೆದು ತೋರಿಸಿದ ಮೇಲೆ ನನಗೆ ಗೊತ್ತಾದದ್ದು. ಬಂದವರು ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ.

ನೀನು ಬರಬೇಡ ಅಂತ ನಾನು ಹೇಳುವುದಿಲ್ಲ. ಬಾ. ನಿನ್ನ ಸ್ವರ ಅವಳಿಗೆ ಗೊತ್ತುಂಟು, ನಿನ್ನ ಹತ್ತಿರವೂ ಹೇಳುತ್ತಾಳೆ. ಏನು ಉತ್ತರ ಕೊಡುವುದು ಅಂತ ಯೋಚಿಸಿಕೊಂಡು ಬಾ. ನನಗೆ ಹೇಗೂ ಕೇಳುವುದಿಲ್ಲ.

ಇತಿ,
ಪ್ರೇಮಾವತಿ